ಈಸಲು ಬಿದ್ದ ಮೇಲೆ ಕೆರೆ ಹಸಿರಾಯಿತು: ಗೊಬ್ಬರ ಹಾಕಿದ್ದು ಹುಳುವೋ, ಮೀನೋ, ಮಳೆಯೋ?

ಏರಿಯ ಮೇಲಿನವ (ಚರ್ಚೆ ಆರಂಭಿಸಿದವರು)

ತುಮಕೂರು ಜಿಲ್ಲೆಯ ನಮ್ಮೂರಿನ ಕೆರೆಯಲ್ಲಿ ಮೂರು ವರ್ಷಗಳಿಂದ ಒಂದು ಸಂಗತಿಯನ್ನು ಗಮನಿಸುತ್ತಿದ್ದೇನೆ. ಮೇ ತಿಂಗಳಲ್ಲಿ ಮೊದಲ ದೊಡ್ಡ ಮಳೆ ಬಿದ್ದ ಮಾರನೆಯ ಸಂಜೆ ಹುತ್ತಗಳಿಂದ ಈಸಲು (ರೆಕ್ಕೆ ಮೂಡಿದ ಗೆದ್ದಲು) ಎದ್ದು, ಏರಿಯ ಮೇಲಿನ ಬೀದಿದೀಪವನ್ನು ಮುತ್ತಿ, ಸಾವಿರಗಟ್ಟಲೆ ನೀರಿಗೆ ಬೀಳುತ್ತದೆ. ಸಾಸಲು, ಜಿಲೇಬಿ (ತಿಲಾಪಿಯಾ), ಕಾಟ್ಲಾ ಮೀನುಗಳೆಲ್ಲವೂ ಮೇಲೆದ್ದು ನುಂಗುತ್ತವೆ. ಒಂದು ಗಂಟೆಯ ಹೊತ್ತು ಕೆರೆಯೇ ಕುದಿಯುತ್ತಿರುವಂತೆ ಕಾಣುತ್ತದೆ. ಅದಾಗಿ ಹತ್ತು ಹನ್ನೆರಡು ದಿನಗಳಲ್ಲಿ ನೀರು ಹಸಿರಾಗುತ್ತದೆ.

ನನ್ನ ತರ್ಕ ಇಷ್ಟು: ಹುಳುವಿನ ಮೈಯಲ್ಲಿರುವ ಸಾರವೆಲ್ಲ ನೆಲದ್ದು. ಅದು ಮೀನಿನ ಹೊಟ್ಟೆ ಸೇರಿ, ಮೀನು ವಿಸರ್ಜಿಸಿದ್ದು ನೀರಿನಲ್ಲಿ ಕರಗಿ, ಪಾಚಿಗೆ ಗೊಬ್ಬರವಾಗುತ್ತದೆ. ನಮ್ಮ ಚಿಕ್ಕಪ್ಪನವರು ಇದನ್ನು ಕೇಳಿ ನಕ್ಕರು; ಮೊದಲ ಮಳೆಗೆ ಊರ ತಿಪ್ಪೆಯೆಲ್ಲ ಕೊಚ್ಚಿ ಬರುವಾಗ ನಿನಗೆ ಹುಳ ಕಾಣಿಸಿತೇ ಎಂದು ಕೇಳಿದರು. ಬಲ್ಲವರು ಹೇಳಬೇಕು.

ಮಳೆಹಾತೆ

ಅದಕ್ಕೆ ನಮ್ಮ ಕಡೆ ಮಳೆಹಾತೆ ಎನ್ನುತ್ತಾರೆ. ಹುರಿದು ತಿನ್ನುವ ಪದಾರ್ಥವನ್ನು ಮೀನಿಗೆ ಬಿಟ್ಟುಕೊಟ್ಟಿದ್ದೀರಲ್ಲ ಎಂಬುದಷ್ಟೇ ನನ್ನ ಆಕ್ಷೇಪ.

ಲೆಕ್ಕದ ಪುಸ್ತಕ

ಚಿಕ್ಕಪ್ಪನವರ ಪಕ್ಷಕ್ಕೆ ನನ್ನದೊಂದು ಮತ. ಒಂದು ಸಂಜೆಯಲ್ಲಿ ನಿಮ್ಮ ಕೆರೆಗೆ ಒಂದು ಕ್ವಿಂಟಾಲ್ ಈಸಲು ಬಿತ್ತೆಂದು ಧಾರಾಳವಾಗಿಯೇ ಇಟ್ಟುಕೊಳ್ಳೋಣ. ನೀರಿನಂಶ ಕಳೆದರೆ ಉಳಿಯುವುದು 35 ಕಿಲೋ. ಸಾಮಾನ್ಯವಾಗಿ ಕೀಟಗಳ ಒಣತೂಕದಲ್ಲಿ ಸಾರಜನಕ ನೂರಕ್ಕೆ ಹತ್ತರ ಆಸುಪಾಸಿನಲ್ಲಿದ್ದರೆ ರಂಜಕ (ಫಾಸ್ಫರಸ್) ನೂರಕ್ಕೆ ಒಂದನ್ನೂ ಮುಟ್ಟುವುದಿಲ್ಲ. ಹೀಗಾಗಿ ಬಂದದ್ದು ಮೂರೂವರೆ ಕಿಲೋ ಸಾರಜನಕ, ಹೆಚ್ಚೆಂದರೆ 350 ಗ್ರಾಂ ರಂಜಕ. ಒಬ್ಬ ಮನುಷ್ಯನ ಮಲಮೂತ್ರದಲ್ಲಿ ದಿನಕ್ಕೆ ಒಂದರಿಂದ ಎರಡು ಗ್ರಾಂ, ಅಂದರೆ ವರ್ಷಕ್ಕೆ ಸುಮಾರು ಅರ್ಧ ಕಿಲೋ ರಂಜಕ ಹೋಗುತ್ತದೆ. ನಿಮ್ಮ ಇಡೀ ಈಸಲಿನ ಸಂಭ್ರಮ ಒಬ್ಬನೇ ಒಬ್ಬ ಮನುಷ್ಯನ ವರ್ಷದ ಲೆಕ್ಕಕ್ಕೂ ಸಾಲದು. ಆನೆಯ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಎಂದರೆ ಇದೇ.

ಸಿಹಿನೀರು

ಲೆಕ್ಕ ಸರಿಯಾಗಿದೆ, ಆದರೆ ತೀರ್ಪು ಅವಸರದ್ದಾಯಿತು. ಆ 350 ಗ್ರಾಂ ಎಷ್ಟು ನೀರಿಗೆ ಬಿತ್ತು, ಆ ನೀರಿನಲ್ಲಿ ಮೊದಲೇ ಎಷ್ಟು ರಂಜಕವಿತ್ತು ಎಂಬುದನ್ನು ನೀವು ಕೇಳಲೇ ಇಲ್ಲ. ಮೇ ತಿಂಗಳಲ್ಲಿ ಕೆರೆಯ ನೀರು ಐದು ಹೆಕ್ಟೇರಿಗೆ ಇಳಿದಿದೆ, ಸರಾಸರಿ ಆಳ ಒಂದು ಮೀಟರ್ ಎಂದುಕೊಳ್ಳಿ. ಐದು ಕೋಟಿ ಲೀಟರ್ ಆಯಿತು. ಲೀಟರಿಗೆ ಏಳು ಮೈಕ್ರೋಗ್ರಾಂ ರಂಜಕ ಸೇರಿತು. ಕೊಳಚೆ ಹರಿಯುವ ನಗರದ ಕೆರೆಯಲ್ಲಿ ಲೀಟರಿಗೆ ನೂರಾರು ಮೈಕ್ರೋಗ್ರಾಂ ಮೊದಲೇ ಇರುತ್ತದೆಯಾದ್ದರಿಂದ ಅಲ್ಲಿ ಈ ಏಳು ಲೆಕ್ಕಕ್ಕೇ ಇಲ್ಲ. ಬಂಡೆಯ ನಡುವಿನ ತಿಳಿನೀರಿನ ಸರೋವರದಲ್ಲಿ ಒಟ್ಟು ರಂಜಕವೇ ಹತ್ತರ ಒಳಗಿರುವಾಗ ಅದೇ ಏಳು ಎಂದರೆ ಬಂಡವಾಳ ಇಮ್ಮಡಿಯಾದಂತೆ.

ಇದು ಬರಿಯ ಊಹೆಯಲ್ಲ. ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡ ಪರ್ವತಗಳ ಎತ್ತರದ ಸರೋವರಗಳಲ್ಲಿ ಮೂಲತಃ ಮೀನೇ ಇರಲಿಲ್ಲ. ಕೆಳಗಿನ ಜಲಪಾತಗಳನ್ನು ಏರಿ ಬರಲು ಅವಕ್ಕೆ ಸಾಧ್ಯವಿರಲಿಲ್ಲ. ಗಾಳಹಾಕುವವರ ಸಂತೋಷಕ್ಕಾಗಿ ಹತ್ತೊಂಬತ್ತನೆಯ ಶತಮಾನದಲ್ಲಿ ಹೇಸರಗತ್ತೆಗಳ ಮೇಲೆ, ಎರಡನೆಯ ಮಹಾಯುದ್ಧದ ನಂತರ ವಿಮಾನಗಳಿಂದ ಸುರಿದು, ಟ್ರೌಟ್ ಮೀನುಗಳನ್ನು ಅಲ್ಲಿಗೆ ತಲುಪಿಸಿದರು. ಡೇನಿಯಲ್ ಶಿಂಡ್ಲರ್, ರೋಲಂಡ್ ನ್ಯಾಪ್, ಪೀಟರ್ ಲೀವಿಟ್ ಎಂಬವರು ಸಿಯೆರಾದ ಮೀನುಗಳು ಬಿಡುವ ರಂಜಕವನ್ನು ಲೆಕ್ಕ ಹಾಕಿ, ಕೆನಡಾದ ರಾಕಿ ಪರ್ವತಗಳ ಇಂಥದೇ ಸರೋವರಗಳ ತಳದ ಹೂಳನ್ನು ಪದರಪದರವಾಗಿ ತೆಗೆದು, ಅದರಲ್ಲಿ ಉಳಿದಿದ್ದ ಪಾಚಿಯ ವರ್ಣದ್ರವ್ಯಗಳನ್ನು ಅಳೆದು, 2001ರಲ್ಲಿ ಪ್ರಕಟಿಸಿದ ಫಲಿತಾಂಶದ ಪ್ರಕಾರ ಟ್ರೌಟ್ ಬಂದ ಮೇಲೆ ಪಾಚಿಯ ಉತ್ಪಾದನೆ ಗಣನೀಯವಾಗಿ ಏರಿತ್ತು. ಊರಿಲ್ಲ, ತಿಪ್ಪೆಯಿಲ್ಲ, ಹೊಲವಿಲ್ಲ. ದಡದ ಕೆಸರಿನ ಹುಳುಗಳನ್ನೂ ಗಾಳಿಗೆ ಹಾರಿಬಂದು ಬಿದ್ದ ನೆಲದ ಕೀಟಗಳನ್ನೂ ತಿಂದ ಮೀನುಗಳು, ಅವುಗಳಲ್ಲಿದ್ದ ರಂಜಕವನ್ನು ನಡುನೀರಿಗೆ ಬಿಟ್ಟುಕೊಟ್ಟದ್ದೇ ಇದಕ್ಕೆ ಕಾರಣವೆಂದು ಅವರು ತೋರಿಸಿದರು.

ಲೆಕ್ಕದ ಪುಸ್ತಕ

ತುಮಕೂರಿನ ಕೆರೆಯ ಮಾತಿಗೆ ಕ್ಯಾಲಿಫೋರ್ನಿಯಾದ ಸಾಕ್ಷಿ! ಇರಲಿ. ಆದರೆ ಮೀನು ಇಲ್ಲದಿದ್ದರೂ ಹುಳು ನೀರಿಗೆ ಬೀಳುತ್ತಿತ್ತಲ್ಲವೇ? ಕೊಳೆತು ಗೊಬ್ಬರವಾಗುತ್ತಿತ್ತು. ಮೀನಿನ ಹೊಟ್ಟೆಯನ್ನು ನಡುವೆ ತಂದು ಏನು ಸಾಧಿಸಿದಿರಿ?

ಸಿಹಿನೀರು

ಪ್ರಶ್ನೆ ಒಳ್ಳೆಯದು. ಮೀನಿಲ್ಲದ ನೀರಿನಲ್ಲಿ ಬಿದ್ದ ಹುಳುವಿನ ಒಂದು ಪಾಲು ಗಾಳಿಗೆ ತೇಲಿ ದಡ ಸೇರುತ್ತದೆ. ಒಂದು ಪಾಲು ಮುಳುಗಿ ಕೆಸರಿನಲ್ಲಿ ಹೂತುಹೋಗುತ್ತದೆ. ಹೊರಕವಚದ ಕೈಟಿನ್ ಕರಗುವುದಕ್ಕೆ ಬಹಳ ಕಾಲ ಬೇಕು. ಮೀನು ತಿಂದರೆ ಕೆಲವೇ ಗಂಟೆಗಳಲ್ಲಿ ಸಾರಜನಕ ಅಮೋನಿಯದ ರೂಪದಲ್ಲಿ ಕಿವಿರುಗಳಿಂದ ಹೊರಬರುತ್ತದೆ, ಮತ್ತು ಪಾಚಿಗೆ ತಕ್ಷಣ ದಕ್ಕುವ ರೂಪವೇ ಅದು. ಬಿಡುಗಡೆಯೂ ನಡೆಯುವುದು ಬೆಳಕಿರುವ ಮೇಲ್ಪದರದಲ್ಲಿ.

ಬಲೆಗಾರ

ಇಪ್ಪತ್ತು ವರ್ಷ ಕೆರೆಯ ಮೀನು ಹಿಡಿದವನು ನಾನು. ಮೊದಲನೆಯದಾಗಿ ಒಂದು ತಿದ್ದುಪಡಿ: ಕಾಟ್ಲಾ ಈಸಲಿಗಾಗಿ ಏಳುವ ಮೀನಲ್ಲ. ಅದು ಮೇಲ್ನೀರಿನಲ್ಲಿದ್ದರೂ ಕಿವಿರಿನಿಂದ ಸೂಕ್ಷ್ಮಜೀವಿಗಳನ್ನು ಸೋಸಿಕೊಂಡು ತಿನ್ನುವ ಮೀನು. ನೀವು ಕಂಡದ್ದು ಸಾಸಲು, ಜಿಲೇಬಿ, ಜೊತೆಗೆ ಬೇರೆ ಮೀನನ್ನು ಬೇಟೆಯಾಡುವ ಕೊರವ ಒಂದೆರಡು ಇದ್ದಿರಬೇಕು.

ಎರಡನೆಯದು ಮುಖ್ಯ. ಎಲ್ಲರೂ ಮೇಲಿನಿಂದ ಬಿದ್ದ ಹುಳುವನ್ನು ನೋಡುತ್ತಿದ್ದೀರಿ, ಕೆಳಗಿನ ಕೆಸರನ್ನು ಯಾರೂ ನೋಡುತ್ತಿಲ್ಲ. ಕೆರೆಗೆ ಮೃಗಾಲ್ ಬಿಟ್ಟಿದ್ದಾರೆಯೇ, ಸಾಮಾನ್ಯ ಗೆಂಡೆ (ಕಾಮನ್ ಕಾರ್ಪ್) ಬಿಟ್ಟಿದ್ದಾರೆಯೇ ಎಂದು ಮೊದಲು ವಿಚಾರಿಸಿ. ಎರಡೂ ತಳದಲ್ಲಿ ಮೇಯುತ್ತವೆ. ಅದರಲ್ಲೂ ಗೆಂಡೆಯು ಕೆಸರನ್ನು ಬಾಯಿತುಂಬ ಎಳೆದುಕೊಂಡು, ಹುಳು ಆರಿಸಿಕೊಂಡು, ಮಣ್ಣನ್ನು ಉಗುಳುತ್ತದೆ. ಬೇಸಿಗೆಯಲ್ಲಿ ಮೊಣಕಾಲುದ್ದ ನೀರಿನಲ್ಲಿ ಸಾವಿರ ಗೆಂಡೆಗಳು ಹೀಗೆ ಹಗಲೂ ರಾತ್ರಿ ಉಳುತ್ತಿದ್ದರೆ, ವರ್ಷಗಳಿಂದ ಹೂಳಿನಲ್ಲಿ ಕೂತಿದ್ದ ಸಾರ ಮೇಲೆ ಬರದೆ ಇನ್ನೇನಾಗುತ್ತದೆ? ಈ ಗೆಂಡೆ ನಮ್ಮ ನಾಡಿನದಲ್ಲ. 1939ರಲ್ಲಿ ಊಟಿಗೆ ಬಂದದ್ದು, ಇನ್ನೊಂದು ತಳಿ 1957ರಲ್ಲಿ ಬ್ಯಾಂಕಾಕಿನಿಂದ ಕಟಕಕ್ಕೆ ಬಂದದ್ದು. ನಮ್ಮ ಕೆರೆಗಳಲ್ಲಿ ಈಗ ಕಾಣುವುದು ಹೆಚ್ಚಾಗಿ ಆ ಎರಡನೆಯದು.

ಏರಿಯ ಮೇಲಿನವ

ಗುತ್ತಿಗೆದಾರರು ಎರಡನ್ನೂ ಬಿಟ್ಟಿದ್ದಾರೆ. ಬೇಸಿಗೆಯ ನೀರು ಕಾಫಿಯ ಬಣ್ಣಕ್ಕೆ ತಿರುಗುವುದನ್ನು ನಾನು ಗಾಳಿಯ ಕೆಲಸವೆಂದು ತಿಳಿದಿದ್ದೆ. ಕಾಟ್ಲಾದ ವಿಷಯದಲ್ಲಿ ತಪ್ಪೊಪ್ಪಿಕೊಂಡೆ. ಕತ್ತಲಲ್ಲಿ ದೊಡ್ಡ ಬಾಯಿಯೆಲ್ಲ ಕಾಟ್ಲಾದಂತೆಯೇ ಕಂಡಿತು.

ಜೀವಶಾಸ್ತ್ರದ ಮೇಷ್ಟ್ರು

ಬಲೆಗಾರರ ಮಾತಿಗೆ ರಸಾಯನಶಾಸ್ತ್ರದ ಒಂದು ಎಳೆಯನ್ನು ಸೇರಿಸುತ್ತೇನೆ. ತಳದ ಕೆಸರಿನಲ್ಲಿ ರಂಜಕವು ಕಬ್ಬಿಣದೊಂದಿಗೆ ಅಂಟಿಕೊಂಡಿರುತ್ತದೆ. ತಳದಲ್ಲಿ ಆಮ್ಲಜನಕ ಇರುವವರೆಗೆ ಆ ನಂಟು ಗಟ್ಟಿ. ಆಮ್ಲಜನಕ ಮುಗಿದೊಡನೆ ಕಬ್ಬಿಣ ಕರಗುವ ರೂಪಕ್ಕೆ ಬಂದು ರಂಜಕವನ್ನು ಕೈಬಿಡುತ್ತದೆ. ಬಿಸಿಲಿನ ತಿಂಗಳುಗಳಲ್ಲಿ ತಳದಲ್ಲಿ ಹೀಗೆ ಬಿಡುಗಡೆಯಾದ ರಂಜಕವನ್ನು, ಮೊದಲ ಮಳೆಯ ತಣ್ಣೀರು ಮತ್ತು ಬಿರುಗಾಳಿ ಒಟ್ಟಾಗಿ ಕಲಕಿ ಮೇಲಕ್ಕೆ ತರುತ್ತವೆ. ಹೀಗಾಗಿ ಈಸಲು ಏಳುವುದಕ್ಕೂ ನೀರು ಹಸಿರಾಗುವುದಕ್ಕೂ ಮಳೆಯೇ ಕಾರಣವಾಗಿದ್ದು, ಇವೆರಡರ ನಡುವೆ ನೇರ ಸಂಬಂಧವೇ ಇಲ್ಲದಿರಬಹುದು. ಒಂದೇ ತಾಯಿಯ ಇಬ್ಬರು ಮಕ್ಕಳಲ್ಲಿ ಹಿರಿಯನನ್ನು ಕಿರಿಯನ ತಂದೆಯೆಂದು ಕರೆದಂತೆ ಆಗಬಾರದು.

ಲೆಕ್ಕದ ಪುಸ್ತಕ

ಈ ಹೋಲಿಕೆಯನ್ನು ನಾನು ಕದಿಯುತ್ತೇನೆ.

ಕೆರೆಕಾವಲು ಬೆಂಗಳೂರು

ನಮ್ಮ ಬಡಾವಣೆಯ ಕೆರೆಯಲ್ಲಿ ನಡೆದದ್ದನ್ನು ಹೇಳುತ್ತೇನೆ. ನೀರು ಹಸಿರಾಯಿತೆಂದು ನಮ್ಮ ಸಂಘದವರು ಸಭೆ ಸೇರಿ, ಮೀನು ಬಿಟ್ಟರೆ ಪಾಚಿ ತಿಂದು ಸ್ವಚ್ಛ ಮಾಡುತ್ತವೆ ಎಂದು ಯಾರೋ ಹೇಳಿದ ಮಾತನ್ನು ನಂಬಿ, ಚಂದಾ ಎತ್ತಿ ಮರಿ ಬಿಟ್ಟರು. ಸೊಳ್ಳೆಯ ಮರಿ ತಿನ್ನಲೆಂದು ಗ್ಯಾಂಬೂಸಿಯಾ ಎಂಬ ಪುಟ್ಟ ಮೀನು ಬೇರೆ. ಎರಡು ವರ್ಷವಾದರೂ ನೀರಿನ ಬಣ್ಣ ಬದಲಾಗಲಿಲ್ಲ; ಬದಲಾಗಿದ್ದರೆ ಇನ್ನಷ್ಟು ಹಸಿರಾಗಿದೆ. ಎಲ್ಲಿ ತಪ್ಪಿದೆವು?

ಸಿಹಿನೀರು

ಗ್ಯಾಂಬೂಸಿಯಾ 1928ರಲ್ಲಿ ಇಟಲಿಯಿಂದ ಭಾರತಕ್ಕೆ ಬಂದದ್ದು, ಸೊಳ್ಳೆ ತಡೆಯುತ್ತದೆಂಬ ಹೆಸರು ಅದಕ್ಕಿದೆ. ಆದರೆ ಅದು ಸೊಳ್ಳೆಯ ಮರಿಯನ್ನಷ್ಟೇ ತಿನ್ನುವುದಿಲ್ಲ. ನೀರುಚಿಗಟದಂತಹ ಪ್ರಾಣಿಪ್ಲವಕಗಳನ್ನೂ (ನೀರಿನಲ್ಲಿ ತೇಲುವ ಅತಿಸಣ್ಣ ಪ್ರಾಣಿಗಳನ್ನೂ) ಕಬಳಿಸುತ್ತದೆ. ಪಾಚಿಯನ್ನು ಮೇಯುತ್ತಿದ್ದವರೇ ಅವರು! ಮೇಯುವವರು ಹೋದರೆ ಹುಲ್ಲು ಬೆಳೆಯದೆ ಇರುತ್ತದೆಯೇ? ಕ್ಯಾಲಿಫೋರ್ನಿಯಾದಲ್ಲಿ ತೊಟ್ಟಿಗಳಲ್ಲಿ ಇದನ್ನೇ ಪರೀಕ್ಷಿಸಿ 1972ರಲ್ಲಿ ಪ್ರಕಟಿಸಿದ್ದರು; ಗ್ಯಾಂಬೂಸಿಯಾ ಬಿಟ್ಟ ತೊಟ್ಟಿಗಳಲ್ಲಿ ಪ್ರಾಣಿಪ್ಲವಕ ಕುಸಿದು ಪಾಚಿ ಹೆಚ್ಚಿತು. ಅದಕ್ಕೂ ಹಿಂದೆ, 1960ರ ಆಸುಪಾಸಿನಲ್ಲಿ, ಚೆಕೊಸ್ಲೊವಾಕಿಯಾದ ಹರ್ಬಾಚೆಕ್ ಅವರು ಮೀನು ಹೆಚ್ಚಿದ ಕೊಳಗಳಲ್ಲಿ ದೊಡ್ಡ ನೀರುಚಿಗಟ ಮಾಯವಾಗಿ ನೀರು ಹಸಿರಾಗುವುದನ್ನು ಗುರುತಿಸಿದ್ದರು.

ಎಲ್ಲಕ್ಕಿಂತ ಹೆಸರಾದದ್ದು 1985ರ ಪ್ರಯೋಗ. ಅಮೆರಿಕದ ವಿಸ್ಕಾನ್ಸಿನ್ ಮತ್ತು ಮಿಷಿಗನ್ ಗಡಿಯಲ್ಲಿರುವ ಪೀಟರ್ ಮತ್ತು ಟ್ಯೂಸ್‌ಡೇ ಎಂಬ ಎರಡು ಪುಟ್ಟ ಸರೋವರಗಳ ನಡುವೆ ಸ್ಟೀಫನ್ ಕಾರ್ಪೆಂಟರ್, ಜೇಮ್ಸ್ ಕಿಚೆಲ್ ಮತ್ತು ಸಂಗಡಿಗರು ಮೀನುಗಳನ್ನು ಅದಲುಬದಲು ಮಾಡಿದರು. ಬೇಟೆಗಾರ ಬಾಸ್ ಮೀನು ಬಂದ ಟ್ಯೂಸ್‌ಡೇ ಸರೋವರದಲ್ಲಿ ಪುಡಿಮೀನು ಅಳಿದು, ನೀರುಚಿಗಟ ಹೆಚ್ಚಿ, ಪಾಚಿ ಇಳಿಯಿತು. ಹೊರಗಿನಿಂದ ಗೊಬ್ಬರ ಒಂದು ಗ್ರಾಂ ಕೂಡ ಕಡಿಮೆಯಾಗಿರಲಿಲ್ಲ.

ಬಲೆಗಾರ

ಹಾಗಾದರೆ ಕೊರವ ಬಿಡಿ ಎನ್ನುತ್ತೀರಾ? ಬಿಟ್ಟರೆ ಗುತ್ತಿಗೆದಾರನ ಮರಿಗಳೆಲ್ಲ ಮಾಯ, ಆಮೇಲೆ ಊರಿನಲ್ಲಿ ಜಗಳ.

ಸಿಹಿನೀರು

ಬಿಡಿ ಎಂದು ನಾನು ಹೇಳುವುದಿಲ್ಲ. ಆ ಪಾಠ ತಣ್ಣನೆಯ ದೇಶದ್ದು. ನಮ್ಮ ಬಿಸಿನೀರಿನ ಕೆರೆಗಳಲ್ಲಿ ನೀರುಚಿಗಟವೇ ಚಿಕ್ಕ ಗಾತ್ರದ್ದು, ಮೀನು ವರ್ಷದಲ್ಲಿ ಹಲವು ಬಾರಿ ಮರಿ ಮಾಡುತ್ತದೆ; ಜಿಲೇಬಿಯಂತೂ ಕೇಳುವುದೇ ಬೇಡ. ಅಲ್ಲಿ ಕೆಲಸ ಮಾಡಿದ ಉಪಾಯ ಇಲ್ಲಿ ಅಷ್ಟು ಸುಲಭವಾಗಿ ನಡೆಯುವುದಿಲ್ಲ. ಕೆರೆಕಾವಲು ಅವರಿಗೆ ನನ್ನ ಉತ್ತರ ನೀರಸವಾದದ್ದು: ಮೊದಲು ಕೊಳಚೆ ನೀರನ್ನು ನಿಲ್ಲಿಸಿ.

ಕೆರೆಕಾವಲು ಬೆಂಗಳೂರು

ಅದೊಂದನ್ನು ಬಿಟ್ಟು ಬೇರೆ ಏನಾದರೂ ಹೇಳಿ ಎಂದು ಕೇಳುವಷ್ಟು ದಣಿದಿದ್ದೇವೆ. ಒಂದು ಸಮಾಧಾನದ ಲೆಕ್ಕ ಕೇಳಬಹುದೇ? ಮೀನು ಹಿಡಿದು ಮಾರಿದರೆ ಅದರ ಜೊತೆ ರಂಜಕವೂ ಕೆರೆಯಿಂದ ಹೊರಹೋಗುತ್ತದಲ್ಲ?

ಲೆಕ್ಕದ ಪುಸ್ತಕ

ಹೋಗುತ್ತದೆ, ನಾಲ್ಕು ಕಾಸಿನಷ್ಟು. ಹಸಿಮೀನಿನ ತೂಕದಲ್ಲಿ ರಂಜಕ ನೂರಕ್ಕೆ ಅರ್ಧದಷ್ಟು, ಅದೂ ಬಹುಪಾಲು ಮೂಳೆ ಮತ್ತು ಹುರುಪೆಯಲ್ಲಿ. ಒಂದು ಟನ್ ಮೀನು ಎತ್ತಿದರೆ ಐದು ಕಿಲೋ. ನಾನು ಮೇಲೆ ಕೊಟ್ಟ ಲೆಕ್ಕದಲ್ಲಿ ಅದು ಹತ್ತು ಜನರ ಒಂದು ವರ್ಷದ ಮಲಮೂತ್ರಕ್ಕೆ ಸಮ. ಕೆರೆಯ ದಡದಲ್ಲಿರುವ ಒಂದು ವಸತಿ ಸಮುಚ್ಚಯದಲ್ಲಿ ಎಷ್ಟು ಜನರಿದ್ದಾರೆಂದು ನೀವೇ ಎಣಿಸಿಕೊಳ್ಳಿ.

ಜೀವಶಾಸ್ತ್ರದ ಮೇಷ್ಟ್ರು

ಮೂಳೆಯ ಮಾತು ಬಂದದ್ದು ಒಳ್ಳೆಯದಾಯಿತು, ಏಕೆಂದರೆ ಈ ಚರ್ಚೆಯ ಮೂಲ ಪ್ರಶ್ನೆಗೇ ಅದು ಬೇಕು. ಬೆಳೆಯುವ ಮೀನಿಗೆ ಮೂಳೆ ಕಟ್ಟಲು ರಂಜಕ ಅಗತ್ಯ. ಮೀನಿನ ಒಣ ಮೈಯಲ್ಲಿ ರಂಜಕ ನೂರಕ್ಕೆ ಎರಡು ಮೂರರಷ್ಟಿದ್ದರೆ, ಹುಳುವಿನಲ್ಲಿ ಒಂದೂ ಇಲ್ಲ. ಅದರಲ್ಲೂ ಈಸಲಿನ ಮೈತುಂಬ ಕೊಬ್ಬು. ಹೀಗಿರುವಾಗ ಈಸಲು ತಿಂದ ಎಳೆಯ ಮೀನು ಏನು ಮಾಡುತ್ತದೆ? ಸಿಕ್ಕ ರಂಜಕವನ್ನು ಬಿಗಿಯಾಗಿ ಹಿಡಿದಿಟ್ಟುಕೊಂಡು, ಹೆಚ್ಚಾದ ಸಾರಜನಕವನ್ನು ಹೊರಗೆ ಬಿಡುತ್ತದೆ. ಅಂದರೆ ಕೆರೆಗೆ ಹುಳುವಿನ ಸಾರವೆಲ್ಲ ಹಾಗೆಯೇ ಮರಳುವುದಿಲ್ಲ. ಮೀನು ಅದನ್ನು ಸೋಸಿ ಕೊಡುತ್ತದೆ. ವೆನೆಜುವೆಲಾದ ಒಂದು ತೊರೆಯಲ್ಲಿ ಮೈಕೆಲ್ ವ್ಯಾನಿ ಮತ್ತು ಸಂಗಡಿಗರು ಹಲವು ಜಾತಿಯ ಮೀನುಗಳ ವಿಸರ್ಜನೆಯನ್ನು ಅಳೆದು 2002ರಲ್ಲಿ ತೋರಿಸಿದ್ದು ಇದನ್ನೇ: ಮೈಮೇಲೆ ಮೂಳೆಯ ಕವಚ ಹೊತ್ತ ಬೆಕ್ಕುಮೀನುಗಳು ರಂಜಕವನ್ನು ತೀರ ಕಡಿಮೆ ಹೊರಬಿಡುತ್ತಿದ್ದವು.

ಏರಿಯ ಮೇಲಿನವ

ಇದು ನನಗೆ ಹೊಳೆದೇ ಇರಲಿಲ್ಲ. ಹಾಗಾದರೆ ನಮ್ಮ ಕೆರೆಯ ಪಾಚಿಗೆ ಸಾರಜನಕದ ಕೊರತೆಯೋ, ರಂಜಕದ ಕೊರತೆಯೋ ಎಂಬುದು ಗೊತ್ತಾಗದೆ ಉತ್ತರವೇ ಇಲ್ಲವೆಂದಾಯಿತು.

ಸಿಹಿನೀರು

ಹೌದು. ರಂಜಕದ ಪಾತ್ರವನ್ನು ಜಗತ್ತಿಗೆ ಕಣ್ಣಾರೆ ತೋರಿಸಿದವರು ಕೆನಡಾದ ಡೇವಿಡ್ ಶಿಂಡ್ಲರ್. ಆಂಟಾರಿಯೋದ 226ನೇ ಸಂಖ್ಯೆಯ ಸರೋವರವನ್ನು 1973ರಲ್ಲಿ ಪರದೆ ಕಟ್ಟಿ ಎರಡು ಭಾಗ ಮಾಡಿ, ಎರಡಕ್ಕೂ ಇಂಗಾಲ ಮತ್ತು ಸಾರಜನಕವನ್ನೂ ಒಂದಕ್ಕೆ ಮಾತ್ರ ರಂಜಕವನ್ನೂ ಹಾಕಿದರು. ರಂಜಕ ಬಿದ್ದ ಭಾಗ ಮಾತ್ರ ಹಸಿರಾಯಿತು. ಆಕಾಶದಿಂದ ತೆಗೆದ ಆ ಚಿತ್ರ ಪಠ್ಯಪುಸ್ತಕಗಳನ್ನು ಸೇರಿತು. ನಾನು ಮೇಲೆ ಹೇಳಿದ ಡೇನಿಯಲ್ ಇವರ ಮಗ. ಅಪ್ಪ ರಂಜಕ ಹಾಕಿ ನೋಡಿದರು, ಮಗ ಮೀನು ಹೊತ್ತು ತಂದ ರಂಜಕವನ್ನು ಎಣಿಸಿದರು.

ತೂಬು

ಯಾರೂ ಕೇಳದಿದ್ದರೂ ಒಂದು ಮಾತು. ನಮ್ಮ ತಾತನ ಕಾಲದಲ್ಲಿ ಬೇಸಿಗೆಯಲ್ಲಿ ಕೆರೆಯ ಗೋಡನ್ನು (ಹೂಳುಮಣ್ಣನ್ನು) ಗಾಡಿಯಲ್ಲಿ ಹೊಡೆದು ಹೊಲಕ್ಕೆ ಹಾಕುತ್ತಿದ್ದರು. ನೆಲದಿಂದ ಕೆರೆಗೆ ಬಂದದ್ದು ಮರಳಿ ನೆಲಕ್ಕೆ ಹೋಗುತ್ತಿತ್ತು. ಈಗ ಚೀಲದ ಗೊಬ್ಬರ ಹೊಲಕ್ಕೆ ಬರುತ್ತದೆ, ಹೊಲದಿಂದ ಕೆರೆಗೆ ಹೋಗುತ್ತದೆ, ಕೆರೆಯಲ್ಲೇ ಕೂರುತ್ತದೆ. ಚಕ್ರ ಎನ್ನುತ್ತೀರಲ್ಲ, ಅದರ ಒಂದು ಕಡಾಣಿ ಬಿದ್ದು ಹೋಗಿದೆ.

ಕೊಕ್ಕರೆ ಪ್ರೇಮಿ

ಕೆರೆಯಿಂದ ನೆಲಕ್ಕೆ ಹೋಗುವ ದಾರಿ ಇನ್ನೂ ಒಂದಿದೆ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರೊಳಗಿನ ಮರಗಳಲ್ಲೇ ಗೂಡು ಕಟ್ಟುತ್ತವೆ. ಶಿಂಷಾ ನದಿ ಮತ್ತು ಸುತ್ತಲಿನ ಕೆರೆಗಳ ಮೀನು ಅವುಗಳ ಹೊಟ್ಟೆ ಸೇರಿ ಹಿಕ್ಕೆಯಾಗಿ ಮರದ ಕೆಳಗೆ ಬೀಳುತ್ತದೆ. ಊರಿನವರು ಅದನ್ನು ಸಂಗ್ರಹಿಸಿ ಹೊಲಕ್ಕೆ ಹಾಕುವ ರೂಢಿ ಹಳೆಯದು.

ಮಳೆಹಾತೆ

ಹಾಗೆ ನೋಡಿದರೆ ಶೃಂಗೇರಿಯಲ್ಲಿ ಯಾತ್ರಿಕರು ಮೀನಿಗೆ ಎಸೆಯುವ ಮಂಡಕ್ಕಿಯೂ ನೆಲದಿಂದ ನೀರಿಗೆ ಹೋದ ಸಾರವೇ.

ಜೀವಶಾಸ್ತ್ರದ ಮೇಷ್ಟ್ರು

ಅದು ತುಂಗಾ ನದಿ, ಹರಿದು ಹೋಗುತ್ತದೆ. ಹರಿಯದ ಕೆರೆಗೆ ಬ್ರೆಡ್ಡು ಎಸೆಯುವವರ ವಿಷಯದಲ್ಲಿ ನಿಮ್ಮ ಮಾತು ಪೂರ್ತಿ ಒಪ್ಪುವಂಥದ್ದು.

ಸಿಹಿನೀರು

ಕೀಟಗಳ ಪಯಣವೂ ಒಮ್ಮುಖವಲ್ಲ. ಐಸ್‌ಲ್ಯಾಂಡಿನ ಮೀವಾತ್ನ್ ಸರೋವರದ ಹೆಸರಿನ ಅರ್ಥವೇ ನುಸಿಸರೋವರ. ಅಲ್ಲಿ ನೀರಿನಲ್ಲಿ ಬೆಳೆದ ನುಸಿಗಳು ಮೋಡದಂತೆ ಎದ್ದು ದಡದಲ್ಲಿ ಸತ್ತು ಬಿದ್ದು ಹುಲ್ಲಿಗೆ ಗೊಬ್ಬರವಾಗುತ್ತವೆ. ಸಿಯೆರಾದಲ್ಲಿ ಟ್ರೌಟ್ ಬಂದದ್ದರಿಂದ ಮೊಟಕಾದದ್ದು ಇಂಥದೇ ದಾರಿ: ನೀರಿನಿಂದ ಹಾರಿಹೋಗುತ್ತಿದ್ದ ಮೇಫ್ಲೈ ಕೀಟಗಳನ್ನು ಮರಿಯಾಗಿದ್ದಾಗಲೇ ಮೀನು ತಿಂದುಬಿಟ್ಟಿತು, ಅವನ್ನು ನಂಬಿದ್ದ ರೋಸಿ ಫಿಂಚ್ ಹಕ್ಕಿಗಳು ಮೀನಿರುವ ಸರೋವರಗಳ ಬಳಿ ಕಡಿಮೆಯಾದವು.

ಏರಿಯ ಮೇಲಿನವ

ಬೀದಿದೀಪದ ವಿಷಯ ಉಳಿದುಹೋಯಿತು. ದೀಪವಿಲ್ಲದಿದ್ದರೆ ಅಷ್ಟು ಈಸಲು ನೀರಿಗೆ ಬೀಳುತ್ತಲೇ ಇರಲಿಲ್ಲ ಎಂಬುದು ನನ್ನ ಅನುಮಾನ.

ಬಲೆಗಾರ

ಅನುಮಾನವೇಕೆ, ಮೀನು ಸಾಕುವವರು ಕೊಳದ ಮೇಲೆ ಬೇಕೆಂದೇ ದೀಪ ತೂಗುಹಾಕುತ್ತಾರೆ. ಪುಕ್ಕಟೆ ಮೇವು. ನಿಮ್ಮ ಪಂಚಾಯಿತಿ ತನಗರಿವಿಲ್ಲದೆ ಅದನ್ನೇ ಮಾಡಿದೆ.

ಲೆಕ್ಕದ ಪುಸ್ತಕ

ಇಷ್ಟು ಮಾತಾದ ಮೇಲೆ ನನ್ನ ನಿಲುವು ಸ್ವಲ್ಪ ಸಡಿಲವಾಗಿದೆ, ಆದರೆ ಬಿದ್ದುಹೋಗಿಲ್ಲ. ಮುಂದಿನ ಮೇ ತಿಂಗಳಲ್ಲಿ ಏರಿಯ ಮೇಲೆ ನಾಲ್ಕು ಇನ್ನೂರು ಲೀಟರಿನ ಡ್ರಮ್ಮುಗಳನ್ನು ಇಡಿ. ಮಳೆಗೆ ಮುಂಚೆಯೇ ಕೆರೆಯ ನೀರನ್ನು ತುಂಬಿಸಿದರೆ ಹರಿದು ಬರುವ ತಿಪ್ಪೆಯ ಪ್ರಶ್ನೆಯೇ ಇರುವುದಿಲ್ಲ, ತಳದ ಕೆಸರೂ ಇರುವುದಿಲ್ಲ. ಒಂದರಲ್ಲಿ ಬರಿಯ ನೀರು, ಒಂದರಲ್ಲಿ ಈಸಲು ಮಾತ್ರ, ಒಂದರಲ್ಲಿ ಸಾಸಲು ಮಾತ್ರ, ಒಂದರಲ್ಲಿ ಎರಡೂ. ಈಸಲನ್ನು ಅಡಿಗೆಮನೆಯ ತಕ್ಕಡಿಯಲ್ಲಿ ತೂಗಿ ಹಾಕಿ. ಹದಿನೈದು ದಿನದ ನಂತರ ಬಿಳಿಯ ತಟ್ಟೆಯೊಂದನ್ನು ಇಳಿಬಿಟ್ಟು, ಎಷ್ಟು ಆಳದಲ್ಲಿ ಕಾಣೆಯಾಯಿತೆಂದು ಅಳೆಯಿರಿ.

ಜೀವಶಾಸ್ತ್ರದ ಮೇಷ್ಟ್ರು

ನಾಲ್ಕು ಸಾಲದು, ಪ್ರತಿಯೊಂದಕ್ಕೂ ಮೂರರಂತೆ ಹನ್ನೆರಡು ಬೇಕು. ಒಂದು ಡ್ರಮ್ಮಿನ ಮೀನು ಸತ್ತರೆ ನಿಮ್ಮ ವಾದವೂ ಅದರ ಜೊತೆಗೆ ಸಾಯುತ್ತದೆ. ಎಲ್ಲಕ್ಕೂ ಒಂದೇ ಬಿಸಿಲು ಬೀಳುವಂತೆ ಸಾಲಾಗಿ ಇಡಿ.

ಏರಿಯ ಮೇಲಿನವ

ಹನ್ನೆರಡು ಡ್ರಮ್ಮುಗಳನ್ನು ಚಿಕ್ಕಪ್ಪನವರ ಟ್ರಾಕ್ಟರಿನಲ್ಲಿಯೇ ತರಬೇಕು. ಯಾಕೆಂದು ಅವರಿಗೆ ಇನ್ನೂ ಹೇಳಿಲ್ಲ.

ಬಲೆಗಾರ

ಡ್ರಮ್ಮಿನ ಬಾಯಿಗೆಲ್ಲ ಸಣ್ಣಕಣ್ಣಿನ ಬಲೆ ಕಟ್ಟಿ. ಸಾಸಲು ಹಾರಿ ಹೊರಗೆ ಬೀಳಬಾರದು, ದೀಪಕ್ಕೆ ಬಂದ ಈಸಲು ತಾನಾಗಿಯೇ ಒಳಗೆ ಬೀಳಬಾರದು. ಮುಖ್ಯವಾಗಿ, ತೂಗಿ ಇಟ್ಟ ಈಸಲನ್ನು ಮಳೆಹಾತೆ ಅವರ ಕೈಗೆ ಸಿಗದಂತೆ ನೋಡಿಕೊಳ್ಳಿ.